ಔಷಧಿ ಚೀಟಿಯ ಜೊತೆಗೊಂದು ಪೊಟ್ಟಣ

ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಕಣ್ಣುಮುಚ್ಚಿ ತಮ್ಮ ದೇವರನ್ನು ನೆನೆದರೆ ಯಾರ ತಕರಾರೂ ಇಲ್ಲ. ನಮ್ಮ ಅಳುಕು ಬೇರೆ. ಔಷಧಿ ಚೀಟಿಯ ಜೊತೆ ಪ್ರಸಾದದ ಪೊಟ್ಟಣವೊಂದು ಮೇಜು ದಾಟಿ ಬರುತ್ತದೆ. ಇನ್ನೊಂದೆಡೆ, ಯಾರೂ ಕೇಳದಿದ್ದರೂ ಹಾಸಿಗೆಯ ಪಕ್ಕ ಪ್ರಾರ್ಥನೆ ಶುರುವಾಗುತ್ತದೆ. ರೋಗಿ ಕೈಮುಗಿಯುತ್ತಾನೆ. ಅವನಿಗೆ ಸಮಾಧಾನವಾಯಿತೆಂದುಕೊಂಡು ಎಲ್ಲರೂ ಮುಂದಿನ ಹಾಸಿಗೆಗೆ ಹೋಗುತ್ತಾರೆ. ನಾಳೆ ತನ್ನ ಹೊಟ್ಟೆ ಕುಯ್ಯಲಿರುವವರಿಗೆ ‘ಬೇಡ’ ಎನ್ನುವ ಧೈರ್ಯ ಯಾರಿಗಿದೆ? ಅದರಲ್ಲೂ ವೈದ್ಯರಲ್ಲಿ ನಾರಾಯಣನನ್ನೇ ಕಾಣುವ ನಾಡಿದು. ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವುದೂ ಮೊದಲು ಒಬ್ಬಿಬ್ಬರ ಕೋರಿಕೆಯಾಗಿಯೇ ಬಂದಿತ್ತು. ಆಗಲೂ ‘ಏನೀಗ?’ ಎಂದೆವು.

ಆಸ್ಪತ್ರೆಯಲ್ಲಿ ಅಧ್ಯಾತ್ಮದ ಮಾತೇ ಕೂಡದೆಂದಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಅಂತಿಮ ದಿನಗಳ ಆರೈಕೆ ಕೇಂದ್ರ ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್ ದೈವಭಕ್ತೆ. ಸಾವಿನ ಹೊಸ್ತಿಲಲ್ಲಿರುವವರ ನೋವು ದೇಹದ್ದಷ್ಟೇ ಅಲ್ಲವೆಂದು ವೈದ್ಯಲೋಕಕ್ಕೆ ಮನಗಾಣಿಸಿದವರು. ಪ್ರಶ್ನೆ ಇರುವುದು ಮಾತು ಯಾರ ಕಡೆಯಿಂದ ಹೊರಡಬೇಕೆಂಬುದರಲ್ಲಿ. ರೋಗಿ ನೇರವಾಗಿ ಕೇಳಿದರೆ, ಇಲ್ಲವೇ ಅಂಥ ಮಾತು ತನಗೆ ಬೇಕೆಂದು ಸೂಚಿಸಿದರೆ ಮಾತ್ರ ವೈದ್ಯರು ತಮ್ಮ ನಂಬಿಕೆಯ ಬಗ್ಗೆ ಮಾತಾಡಬಹುದೆಂದು ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 2013ರಲ್ಲಿ ಹೇಳಿತು. ವೈದ್ಯಕೀಯ ಅಗತ್ಯವಿದ್ದಾಗ ಬರೀ ಧರ್ಮದ ನೆಪದಿಂದ ಗರ್ಭಪಾತ, ಸಂತಾನಹರಣಕ್ಕೆ ನೆರವು ನಿರಾಕರಿಸುವಂತಿಲ್ಲ ಎನ್ನುತ್ತದೆ ನಮ್ಮ 2002ರ ವೃತ್ತಿ ಸಂಹಿತೆ. ಹಾಸಿಗೆ ಪಕ್ಕದ ಮಾತನ್ನು ಮಾತ್ರ ಅವರವರ ವಿವೇಕಕ್ಕೆ ಬಿಟ್ಟು ಸುಮ್ಮನಿದ್ದೇವೆ.

ಹೀಗೇ ಬಿಟ್ಟರೆ ಮೊದಲು ಕಾಣೆಯಾಗುವುದು ರೋಗಿಯ ಬಾಯಲ್ಲಿನ ನಿಜ. ವೈದ್ಯರದು ಬೇರೆ ಧರ್ಮವೆಂದು ಎದ್ದು ಕಾಣುವಲ್ಲಿ, ರಂಜಾನ್ ಉಪವಾಸಕ್ಕೆ ಇನ್ಸುಲಿನ್ ಬಿಟ್ಟದ್ದನ್ನು ಮುದುಕರು ಹೇಳುವುದಿಲ್ಲ. ಮದುವೆಯಾಗದ ಹುಡುಗಿ ಮುಟ್ಟು ನಿಂತದ್ದನ್ನು ಹೇಳಲು ಹೆದರಿ ದಿನ ತಳ್ಳುತ್ತಾಳೆ. ‘ಪ್ರಾರ್ಥಿಸಿ, ಗುಣವಾಗುತ್ತದೆ’ ಎಂಬ ಮಾತು ನಂಬಿ ಮಗುವನ್ನು ಕಳೆದುಕೊಂಡ ತಾಯಿ, ತನ್ನ ಭಕ್ತಿಯೇ ಸಾಲದಾಯಿತೆಂದು ಬಾಳೆಲ್ಲ ಕೊರಗುತ್ತಾಳೆ.

ಆಮೇಲೆ ವೈದ್ಯರ ನಿಜವೂ ಮರೆಯಾಗುತ್ತದೆ. ಕ್ಯಾನ್ಸರ್ ಹರಡಿದೆ, ಇನ್ನು ಕಿಮೋ ಫಲಿಸದು ಎನ್ನಬೇಕಾದಲ್ಲಿ ‘ಎಲ್ಲ ದೇವರ ಕೈಯಲ್ಲಿದೆ’ ಎಂದರೆ ಹೇಳುವವರಿಗೆ ಹಗುರ. ಕೇಳಿದವರು ಹೊಲ ಮಾರಿ ಮುಂದಿನ ಕಂತು ಕಟ್ಟುತ್ತಾರೆ.

‘ಇದುವರೆಗೆ ಯಾರೂ ದೂರು ಕೊಟ್ಟಿಲ್ಲವಲ್ಲ’ ಎನ್ನುತ್ತಾರೆ. ಡ್ರಿಪ್ ಹಾಕಿಸಿಕೊಂಡು ಮಲಗಿದವರು ದೂರು ಕೊಡುತ್ತಾರೆಯೇ? ‘ಈ ಕಷ್ಟದಲ್ಲಿ ನಿಮಗೆ ಆಸರೆ ಯಾವುದು?’ ಎಂದಷ್ಟೇ ಕೇಳಿ, ಉತ್ತರ ಬರುವತನಕ ಕಾಯುವುದನ್ನು ವೈದ್ಯ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲೇ ಕಲಿಸಬೇಕು. ಅದೂ ಈ ವರ್ಷವೇ.