ಪಡುವಣಕ್ಕೆ ಬಂದವರ ಹಾದಿ

ಅಮೆರಿಕದ ವಯೋಮಿಂಗ್ ಪ್ರಾಂತದಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ಹೆಬ್ಬಂಡೆಯೊಂದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟ ವಲಸೆಗಾರರು ಅದರ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿ ಮುಂದೆ ಸಾಗಿದರು. ಪ್ರವಾಸಿಗಳು ಇಂದಿಗೂ ಆ ಹೆಸರುಗಳನ್ನು ಓದಲು ಹೋಗುತ್ತಾರೆ. ನಮ್ಮ ರಾಯಚೂರು ಜಿಲ್ಲೆಯಲ್ಲಿಯೂ ಅಂಥದೊಂದು ಪಶ್ಚಿಮಯಾತ್ರೆಯ ಹೆಜ್ಜೆಗಳಿವೆ. ಆದರೆ ಅವನ್ನು ಹುಡುಕಿಕೊಂಡು ಬರುವವರು ವಿರಳ.

ಈ ಭಾಗಕ್ಕೆ ಬರುವ ಪ್ರವಾಸಿಯು ಸಾಮಾನ್ಯವಾಗಿ ಮಸ್ಕಿಯ ಬೆಟ್ಟವನ್ನೇರಿ ಅಶೋಕನ ಶಾಸನವನ್ನು ನೋಡುತ್ತಾನೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಎಂಜಿನಿಯರೊಬ್ಬನಿಗೆ ಅದು ಗೋಚರಿಸಿತು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಆದರೆ ಅಲ್ಲಿಂದ ಸಿಂಧನೂರಿನ ಕಡೆ ತಿರುಗಿದರೆ ಕಾಣುವ ಚರಿತ್ರೆಗೆ ಇನ್ನೂ ನೂರು ವರ್ಷಗಳೂ ತುಂಬಿಲ್ಲ.

1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. ರಾಯಚೂರು ಜಿಲ್ಲೆ ಆಗ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಎಡದಂಡೆ ಕಾಲುವೆಯ ಸುದ್ದಿಯನ್ನು ಕೇಳಿ, ಗೋದಾವರಿ ಕೃಷ್ಣೆಯರ ಮುಖಜಭೂಮಿಯ ತೆಲುಗು ರೈತರು ಪಶ್ಚಿಮಕ್ಕೆ ಮುಖಮಾಡಿದರು. ಅಲ್ಲಿಯ ಅಲ್ಪ ಹೊಲವನ್ನು ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಎರೆನೆಲ ದೊರೆಯುತ್ತಿತ್ತು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲವನ್ನು ಸಮಮಾಡಿ, ಬದು ಹಾಕಿ ಅವರು ಭತ್ತದ ಗದ್ದೆಗಳನ್ನು ಮಾಡಿದರು. ಅವರು ಬೀಡುಬಿಟ್ಟ ತಾಣಗಳಿಗೆ 'ಕ್ಯಾಂಪು'ಗಳೆಂದೇ ಹೆಸರಾಯಿತು. ತಾತ್ಕಾಲಿಕವಾದ ಆ ಹೆಸರೇ ಶಾಶ್ವತವಾಗಿ ನಿಂತಿತು. ಮುಂದೆ ಪೂರ್ವಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೂ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ದೊರೆಯಿತು. ಮೊದಲಿನವರು ನೀರನ್ನು ಅರಸಿ ಬಂದರು. ಎರಡನೆಯವರು ನೆರಳನ್ನು ಅರಸಿ ಬಂದರು.

ಈ ಸಾಹಸದ ಕಥೆಗೆ ಇನ್ನೊಂದು ಮುಖವೂ ಉಂಟು. ಎಡದಂಡೆ ಕಾಲುವೆಯು ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳಿಗಾಗಿ ಯೋಜಿತವಾದುದು. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದಂತೆ ಮಾನ್ವಿ, ರಾಯಚೂರುಗಳ ಕಡೆಯ ಕೊನೆಭಾಗದ ರೈತರಿಗೆ ನೀರು ಸಾಲದಾಯಿತು. ಕೆಲವೆಡೆ ನೆಲ ಜವುಗಾಯಿತು, ಸವುಳಾಯಿತು. ಅಗ್ಗದ ಬೆಲೆಗೆ ಹೊಲ ಮಾರಿದ ಸ್ಥಳೀಯರಲ್ಲಿ ಕೆಲವರು ಅದೇ ಗದ್ದೆಗಳಲ್ಲಿ ಕೂಲಿಗೆ ನಿಂತರು. ಅಮೆರಿಕದ ಬಂಡಿಗಳ ಕಥೆಯಲ್ಲಿಯೂ ಮೂಲನಿವಾಸಿಗಳ ಪಾಲಿಗೆ ಬಂದುದು ನಷ್ಟವೇ ಅಲ್ಲವೆ? ಅಲ್ಲಿ ಬಲಾತ್ಕಾರವಿತ್ತು, ಇಲ್ಲಿ ಕ್ರಯಪತ್ರವಿತ್ತು. ಆ ಭೇದವನ್ನು ಮರೆಯಲಾಗದು.

ಆದುದರಿಂದ ಪ್ರವಾಸಿಯು ಸಿಂಧನೂರಿನ ಹಸಿರನ್ನು ಕಂಡು ಅಲ್ಲಿಂದಲೇ ಹಿಂದಿರುಗಬಾರದು. ಮಸ್ಕಿ ತಾಲೂಕಿನ ಪಾಮನಕಲ್ಲೂರಿಗೂ ಹೋಗಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಸುತ್ತಲಿನ ರೈತರು 2020ರಲ್ಲಿ ಧರಣಿ ಹೂಡಿದುದು ಇಲ್ಲಿಯೇ. ಅದು ನೂರು ದಿನಗಳನ್ನು ಮೀರಿ ನಡೆಯಿತು. 2021ರ ಏಪ್ರಿಲ್ ತಿಂಗಳ ಮಸ್ಕಿ ಉಪಚುನಾವಣೆಯಲ್ಲಿ ಆ ಕಾಲುವೆಯ ಮಾತೇ ಊರೂರಿನಲ್ಲಿ ಕೇಳಿಬಂತು. ನೀರಿನ ಆಸೆಯಿಂದ ದೂರದ ಜನ ಬಂದು ನೆಲೆನಿಂತ ಈ ಜಿಲ್ಲೆಯಿಂದಲೇ, ಮಳೆ ಕೈಕೊಟ್ಟ ವರ್ಷಗಳಲ್ಲಿ ಒಣಬೇಸಾಯದ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಕ್ಯಾಂಪುಗಳಿಗೆ ಬಂದವರ ಹಾದಿಯನ್ನು ನೋಡಿದವರು ಹೀಗೆ ಹೊರಟವರ ಹಾದಿಯನ್ನೂ ನೋಡಿದರೆ ಮಾತ್ರ ಈ ನಾಡಿನ ವಲಸೆಯ ಕಥೆ ಪೂರ್ಣವಾಗಿ ತಿಳಿದೀತು.