ಹನ್ನೆರಡು ಎರಡಾದ ಬಗೆ

ಕೂಡಿ ಬಾಳಿದ ಮನೆಯೊಂದು ಪಾಲಾದಾಗ ಊರವರು ಮೊದಲು ಹುಡುಕುವುದು ತಪ್ಪಿತಸ್ಥನನ್ನು. ಹಿರಿಯ ಮಗನ ದುರಾಸೆಯೆಂದು ಕೆಲವರು, ವ್ಯವಹಾರ ನೋಡಿಕೊಳ್ಳುತ್ತಿದ್ದ ಗುಮಾಸ್ತನ ಅವಿವೇಕವೆಂದು ಕೆಲವರು ತೀರ್ಪು ಕೊಡುತ್ತಾರೆ. ಆ ಗುಮಾಸ್ತನನ್ನು ನೇಮಿಸಿ, ವರುಷಗಟ್ಟಲೆ ಅವನಿಂದ ಲೆಕ್ಕ ಕೇಳದೆ ಕುಳಿತಿದ್ದ ಯಜಮಾನರ ಹೆಸರು ಮಾತ್ರ ಆ ಮಾತಿನಲ್ಲಿ ಬರುವುದು ಅಪರೂಪ. ಅಮೆರಿಕದ ಪಶ್ಚಿಮ ತೀರದಲ್ಲಿ 2023ರ ಬೇಸಗೆಯಲ್ಲಿ ಒಡೆದುಹೋದ ‘ಪ್ಯಾಕ್-12’ ಎಂಬ ಕ್ರೀಡಾಕೂಟದ ವಿಷಯದಲ್ಲಿಯೂ ಹೀಗೆಯೇ ಆಗಿದೆ.

ಅಲ್ಲಿ ಕಾಲೇಜಿನ ಆಟವೆಂದರೆ ನಾಲ್ಕಾರು ಸಹಪಾಠಿಗಳು ಮರದ ನೆರಳಿನಲ್ಲಿ ನಿಂತು ಚಪ್ಪಾಳೆ ತಟ್ಟುವ ಪಂದ್ಯವಲ್ಲ. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಐವತ್ತು ಅರುವತ್ತು ಸಾವಿರ ಜನ ನೆರೆಯುವುದುಂಟು. ಮನೆಗಳಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡುವವರು ಲಕ್ಷಗಟ್ಟಲೆ. ನೆರೆಹೊರೆಯ ವಿಶ್ವವಿದ್ಯಾನಿಲಯಗಳು ಸೇರಿ ಒಂದೊಂದು ಕೂಟವನ್ನು ಕಟ್ಟಿಕೊಂಡಿರುತ್ತವೆ; ಅದಕ್ಕೆ ‘ಕಾನ್ಫರೆನ್ಸ್’ ಎಂದು ಹೆಸರು. ಪ್ರತಿವರ್ಷವೂ ತಮ್ಮೊಳಗೆ ಆಡುವುದು, ಒಂದೇ ನಿಯಮಕ್ಕೆ ಒಳಪಡುವುದು, ಪಂದ್ಯಗಳ ಟೆಲಿವಿಷನ್ ಹಕ್ಕನ್ನು ಒಟ್ಟಾಗಿ ಮಾರಿ ಬಂದ ಹಣವನ್ನು ಹಂಚಿಕೊಳ್ಳುವುದು ಅದರ ಪದ್ಧತಿ. ಕೂಟದ ದೈನಂದಿನ ಆಡಳಿತಕ್ಕೆ ಒಬ್ಬ ಕಮಿಷನರ್ ಇರುತ್ತಾನೆ. ಅವನ ಮೇಲೆ ಸದಸ್ಯ ವಿಶ್ವವಿದ್ಯಾನಿಲಯಗಳ ಅಧ್ಯಕ್ಷರ ಮಂಡಲಿ ಇರುತ್ತದೆ. ಕಮಿಷನರನನ್ನು ಗೊತ್ತುಮಾಡುವವರೂ ಅವರೇ, ಬೇಡವೆಂದು ಕಳುಹಿಸುವವರೂ ಅವರೇ.

ಪ್ಯಾಕ್-12ರ ವಂಶಾವಳಿ ಸಣ್ಣದಲ್ಲ. 1915ರ ಡಿಸೆಂಬರಿನಲ್ಲಿ ಪೋರ್ಟ್‌ಲೆಂಡ್ ನಗರದ ಹೋಟೆಲೊಂದರಲ್ಲಿ ನಾಲ್ಕು ವಿದ್ಯಾಸಂಸ್ಥೆಗಳವರು ಕುಳಿತು ಈ ಕೂಟಕ್ಕೆ ಅಡಿಪಾಯ ಹಾಕಿದರು. ಅದು ಎಂಟಾಗಿ, 1978ರಲ್ಲಿ ಹತ್ತಾಗಿ, 2011ರಲ್ಲಿ ಹನ್ನೆರಡಾಯಿತು. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ಮುಂತಾದ ಹೆಸರುಗಳು ನಮ್ಮ ಓದುಗರಿಗೆ ಹೊಸವಲ್ಲ; ಮಕ್ಕಳು ಆ ಕಡೆ ಓದುತ್ತಿರುವ, ದುಡಿಯುತ್ತಿರುವ ಮನೆಗಳು ನಮ್ಮಲ್ಲಿಯೂ ಹಲವು. ಆಟದಲ್ಲಿಯೂ ಅವು ಹಿಂದೆ ಬಿದ್ದವಲ್ಲ. ಯು.ಸಿ.ಎಲ್.ಎ.ಯ ಜಾನ್ ವುಡನ್ ಎಂಬ ಶಿಕ್ಷಕ 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟನು. ‘ಚಾಂಪಿಯನ್ನರ ಕೂಟ’ವೆಂದು ಅವರು ತಮ್ಮನ್ನು ಕರೆದುಕೊಂಡದ್ದರಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ.

2009ರಲ್ಲಿ ಲ್ಯಾರಿ ಸ್ಕಾಟ್ ಎಂಬಾತ ಕಮಿಷನರನಾಗಿ ಬಂದನು. ಅದಕ್ಕೆ ಮೊದಲು ಆತ ಮಹಿಳಾ ಟೆನಿಸ್ ಸಂಸ್ಥೆಯ ಮುಖ್ಯಸ್ಥನಾಗಿದ್ದವನು. 2011ರಲ್ಲಿ ಎರಡು ಟೆಲಿವಿಷನ್ ಸಂಸ್ಥೆಗಳೊಡನೆ ಹನ್ನೆರಡು ವರ್ಷಗಳಿಗೆ ಸುಮಾರು 300 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಾಗ ದೇಶವೇ ಬೆರಗಾಯಿತು. ಆ ಬೆರಗಿನ ಬೆಳಕಿನಲ್ಲಿ ಮುಂದಿನ ಹೆಜ್ಜೆಯ ಕುಳಿ ಯಾರಿಗೂ ಕಾಣಲಿಲ್ಲ. ಇತರ ಕೂಟಗಳು ದೊಡ್ಡ ಟೆಲಿವಿಷನ್ ಸಂಸ್ಥೆಯೊಂದನ್ನು ಪಾಲುದಾರನನ್ನಾಗಿ ಮಾಡಿಕೊಂಡು ತಮ್ಮ ಚಾನೆಲ್ಲುಗಳನ್ನು ತೆರೆದರೆ, ಸ್ಕಾಟ್ ಎಲ್ಲವೂ ತಮ್ಮದೇ ಇರಲಿ ಎಂದು 2012ರಲ್ಲಿ ಏಳು ಚಾನೆಲ್ಲುಗಳನ್ನು ಸ್ವಂತವಾಗಿ ಆರಂಭಿಸಿದನು. ಪೂರ್ತಿ ಒಡೆತನದಲ್ಲಿ ಪೂರ್ತಿ ಲಾಭವೇನೋ ಉಂಟು. ಆದರೆ ಸರಕನ್ನು ಮನೆಮನೆಗೆ ಮುಟ್ಟಿಸುವ ಹೊಣೆಯೂ ಪೂರ್ತಿ ತನ್ನದೇ ಆಗುತ್ತದೆ. ‘ಡೈರೆಕ್ಟ್ ಟಿ.ವಿ.’ ಎಂಬ ದೊಡ್ಡ ಉಪಗ್ರಹ ಸಂಸ್ಥೆ ಆ ಚಾನೆಲ್ಲುಗಳನ್ನು ಕೊನೆಯವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನಿರೀಕ್ಷಿಸಿದ ಹಣ ಬರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದ ನಡುವಿನ ದುಬಾರಿ ಕಚೇರಿಯ ಬಾಡಿಗೆಯೂ, ವರ್ಷಕ್ಕೆ 50 ಲಕ್ಷ ಡಾಲರು ಮೀರಿದ ಕಮಿಷನರನ ಸಂಬಳವೂ ಮಾತ್ರ ತಪ್ಪದೆ ಸಲ್ಲುತ್ತಿದ್ದವು.

ಹತ್ತು ವರ್ಷ ಇದನ್ನು ನೋಡುತ್ತಿದ್ದವರು ಯಾರು? ದೇಶದ ಅತ್ಯುತ್ತಮ ವಿದ್ವಾಂಸರೆನಿಸಿದ ವಿಶ್ವವಿದ್ಯಾನಿಲಯಾಧ್ಯಕ್ಷರು. ಪ್ರಯೋಗಶಾಲೆಯ ಫಲಿತಾಂಶವೊಂದು ಎರಡು ಸಲ ತಪ್ಪಿದರೆ ಮೂರನೆಯ ಸಲ ವಿಧಾನವನ್ನೇ ಪ್ರಶ್ನಿಸುವ ಜನ, ಚಾನೆಲ್ಲುಗಳ ಲೆಕ್ಕ ವರ್ಷವರ್ಷವೂ ತಪ್ಪುತ್ತಿದ್ದರೂ ಕಮಿಷನರನ ಅವಧಿಯನ್ನು ಮುಂದುವರಿಸಿದರು. 2021ರಲ್ಲಿ ಸ್ಕಾಟ್ ಹೊರಟುಹೋದನು. ಕೇಬಲ್ ಸಂಸ್ಥೆಯೊಂದು ವರ್ಷಗಳ ಕಾಲ ಲೆಕ್ಕತಪ್ಪಿ ಸುಮಾರು 5 ಕೋಟಿ ಡಾಲರುಗಳನ್ನು ಹೆಚ್ಚಾಗಿ ಕೊಟ್ಟಿದ್ದ ಸಂಗತಿ ಬಯಲಾದದ್ದು ಅನಂತರ. ಅದನ್ನು ತಿಳಿದೂ ಮಂಡಲಿಗೆ ತಿಳಿಸಲಿಲ್ಲವೆಂದು 2023ರ ಜನವರಿಯಲ್ಲಿ ಇಬ್ಬರು ಅಧಿಕಾರಿಗಳನ್ನು ತೆಗೆದುಹಾಕಲಾಯಿತು. ತಿಳಿಸದವರದು ಅಪರಾಧವೇ ಸರಿ. ಅಷ್ಟು ವರ್ಷ ಕೇಳದೆ ಇದ್ದದ್ದನ್ನು ಏನೆಂದು ಕರೆಯಬೇಕು?

ಸ್ಕಾಟನ ಜಾಗಕ್ಕೆ ಬಂದವನು ಜಾರ್ಜ್ ಕ್ಲಿಯಾವ್ಕಾಫ್. ಆ ತಿಂಗಳಲ್ಲಿಯೇ, ಎಂದರೆ 2021ರ ಜುಲೈಯಲ್ಲಿ, ಟೆಕ್ಸಾಸ್ ಮತ್ತು ಒಕ್ಲಹೋಮಾ ವಿಶ್ವವಿದ್ಯಾನಿಲಯಗಳು ತಮ್ಮ ‘ಬಿಗ್-12’ ಕೂಟವನ್ನು ಬಿಟ್ಟು ದಕ್ಷಿಣದ ಶ್ರೀಮಂತ ಕೂಟದ ಕಡೆ ಹೊರಟವು. ಬಿಗ್-12ರಲ್ಲಿ ಉಳಿದ ಎಂಟು ಸಂಸ್ಥೆಗಳಲ್ಲಿ ಕೆಲವನ್ನಾದರೂ ಕರೆದುಕೊಂಡು ಬಲಗೊಳ್ಳುವ ಅವಕಾಶ ಪ್ಯಾಕ್-12ಕ್ಕೆ ಆಗ ಇತ್ತು. ವಿಸ್ತರಣೆ ಬೇಡವೆಂದು ಮಂಡಲಿ ನಿರ್ಧರಿಸಿತು. ಅದರ ಬದಲಾಗಿ ‘ಬಿಗ್ ಟೆನ್’ ಮತ್ತು ಅಟ್ಲಾಂಟಿಕ್ ತೀರದ ಕೂಟಗಳೊಡನೆ ಒಂದು ‘ಮೈತ್ರಿ’ ಏರ್ಪಟ್ಟಿತು. ಅದಕ್ಕೆ ಕರಾರುಪತ್ರವಿರಲಿಲ್ಲ, ದೊಡ್ಡವರ ಮಾತೇ ಸಾಕೆಂದು ಭಾವಿಸಲಾಯಿತು. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ, 2022ರ ಜೂನ್ 30ರಂದು, ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾನಿಲಯಗಳನ್ನು ಅದೇ ಮಿತ್ರನಾದ ಬಿಗ್ ಟೆನ್ ತನ್ನ ಮನೆಗೆ ಸೇರಿಸಿಕೊಂಡಿತು.

ಇಲ್ಲಿಂದ ಮುಂದಿನದು ಕಾಲಹರಣದ ಕಥೆ. ಟೆಲಿವಿಷನ್ ಒಪ್ಪಂದದ ಅವಧಿ 2024ರಲ್ಲಿ ಮುಗಿಯುವುದಿತ್ತು. ವರದಿಗಳಂತೆ, ಪ್ರತಿ ಸಂಸ್ಥೆಗೂ ವರ್ಷಕ್ಕೆ ಸುಮಾರು 3 ಕೋಟಿ ಡಾಲರು ಕೊಡಲು ಇ.ಎಸ್.ಪಿ.ಎನ್. ಸಂಸ್ಥೆ ಸಿದ್ಧವಿತ್ತು; ಅಧ್ಯಕ್ಷರು 5 ಕೋಟಿ ಕೇಳಿದರು; ಮಾತು ಅಲ್ಲಿಗೇ ಮುರಿಯಿತು. ಇತ್ತ, ಸಾಯುವ ಸ್ಥಿತಿಯಲ್ಲಿದೆಯೆಂದು ಎಲ್ಲರೂ ತಿಳಿದಿದ್ದ ಬಿಗ್-12, ತನ್ನ ಒಪ್ಪಂದಕ್ಕೆ ಇನ್ನೂ ಹೆಚ್ಚು ಕಾಲವಿದ್ದರೂ ಮುಂದೆ ನುಗ್ಗಿ, 2022ರ ಅಕ್ಟೋಬರಿನಲ್ಲಿ ಸುಮಾರು 3 ಕೋಟಿಯ ಪಾಲಿಗೇ ಒಪ್ಪಿ ಸಹಿ ಹಾಕಿತು. ಹಸಿದವನು ಸಿಕ್ಕಿದ ತುತ್ತನ್ನು ಉಂಡು ಬದುಕಿದನು. ಕುಲೀನನು ಪಂಕ್ತಿಯಲ್ಲಿ ಮೇಲಿನ ಸ್ಥಾನಕ್ಕಾಗಿ ಕಾದು ಉಪವಾಸ ಬಿದ್ದನು. ಒಳ್ಳೆಯ ಒಪ್ಪಂದ ಬರಲಿದೆ, ಬರಲಿದೆ ಎಂಬ ಆಶ್ವಾಸನೆಯಲ್ಲಿಯೇ ಇನ್ನೊಂದು ವರ್ಷ ಸವೆಯಿತು. 2023ರ ಜುಲೈ ಕೊನೆಯಲ್ಲಿ ಕೊಲೊರಾಡೊ ಬೇಸತ್ತು ಬಿಗ್-12ಕ್ಕೆ ನಡೆಯಿತು. ಆಗಸ್ಟ್ ಮೊದಲ ದಿನ ಅಧ್ಯಕ್ಷರ ಮುಂದೆ ಬಂದದ್ದು ಆ್ಯಪಲ್ ಸಂಸ್ಥೆಯ ಒಂದು ಯೋಜನೆ: ಚಂದಾದಾರರು ಹೆಚ್ಚಿದಷ್ಟೂ ಹಣ ಹೆಚ್ಚುವುದೆಂಬ ಲೆಕ್ಕಾಚಾರ. ಆಗಸ್ಟ್ 4ರ ಶುಕ್ರವಾರ ಬೆಳಗ್ಗೆ ಒಂಬತ್ತು ಸಂಸ್ಥೆಗಳೂ ಸೇರಿ ಅದಕ್ಕೆ ಒಪ್ಪಿಗೆ ಕೊಡಬಹುದೆಂಬ ನಿರೀಕ್ಷೆಯಿತ್ತು. ಆ ದಿನ ಕತ್ತಲಾಗುವ ಹೊತ್ತಿಗೆ ವಾಷಿಂಗ್ಟನ್ ಮತ್ತು ಓರೆಗಾನ್ ವಿಶ್ವವಿದ್ಯಾನಿಲಯಗಳು ಬಿಗ್ ಟೆನ್‌ಗೂ, ಅರಿಜೋನದ ಎರಡು ಮತ್ತು ಯೂಟಾ ಬಿಗ್-12ಕ್ಕೂ ಸೇರಿಹೋಗಿದ್ದವು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ತೀರದ ಕೂಟಕ್ಕೆ ಹೋದವು. ಪೆಸಿಫಿಕ್ ತೀರದವರು ಅಟ್ಲಾಂಟಿಕ್ ತೀರದವರಾದರು!

ಹೋದವರಾದರೂ ಸುಖಿಗಳೇ? ವಾಷಿಂಗ್ಟನ್ ಮತ್ತು ಓರೆಗಾನ್ ಹೊಸ ಮನೆಯಲ್ಲಿ ಅರ್ಧ ಪಾಲಿಗೆ, ಎಂದರೆ ಸುಮಾರು 3 ಕೋಟಿಗೆ, ಒಪ್ಪಿದವೆಂದು ವರದಿಯಾಯಿತು. ಸ್ವಂತ ಮನೆಯಲ್ಲಿ ಪೂರ್ಣ ಪಾಲಾಗಿ ಬೇಡವೆಂದಿದ್ದ ಮೊತ್ತವೇ ಅದು. ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳಿಗೆ ಮೊದಲ ಏಳು ವರ್ಷ ದೊರೆಯುವುದು ನೂರಕ್ಕೆ ಮೂವತ್ತರ ಪಾಲು. ಫುಟ್‌ಬಾಲಿನ ಹಣವೆಂದರೇನೆಂದು ಅರಿಯದ ವಾಲಿಬಾಲ್ ಆಟಗಾರ್ತಿಯರೂ ಈಗ ನಡುವಾರದಲ್ಲಿ ಪಾಠ ಬಿಟ್ಟು ಖಂಡ ದಾಟಬೇಕು. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 4,000 ಕಿಲೋಮೀಟರು. ಆ ಹುಡುಗಿಯರ ಅಭಿಪ್ರಾಯವನ್ನು ಮಂಡಲಿಯಲ್ಲಿ ಹೇಳುವವರು ಇರಲಿಲ್ಲ.

ಹನ್ನೆರಡರಲ್ಲಿ ಹತ್ತು ಹೋಗಿ ಎರಡು ಉಳಿದವು: ಗೋದಿಯ ಹೊಲಗಳ ನಡುವೆ ಪುಲ್ಮನ್ ಊರಿನಲ್ಲಿರುವ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್ ಊರಿನ ಓರೆಗಾನ್ ಸ್ಟೇಟ್. ಪುಲ್ಮನ್ನಿನ ಜನಸಂಖ್ಯೆ ಸುಮಾರು 33 ಸಾವಿರ. ಅಲ್ಲಿಯ ಕ್ರೀಡಾಂಗಣದ ಆಸನಗಳೂ ಹೆಚ್ಚುಕಡಿಮೆ ಅಷ್ಟೇ. ಪಂದ್ಯದ ದಿನ ಊರಿನ ಹೋಟೆಲು, ಅಂಗಡಿ, ಬಾಡಿಗೆ ಕೋಣೆಗಳೆಲ್ಲ ತುಂಬುತ್ತವೆ. ಹಳೆಯ ವಿದ್ಯಾರ್ಥಿಗಳು ಮೊಮ್ಮಕ್ಕಳೊಡನೆ ಬರುತ್ತಾರೆ. ಕೊರ್ವಾಲಿಸ್‌ನಲ್ಲಿ ಸುಮಾರು 16 ಕೋಟಿ ಡಾಲರು ಸುರಿದು ಕ್ರೀಡಾಂಗಣವನ್ನು ನವೀಕರಿಸಲಾಗಿತ್ತು. ಅದರ ಬಾಗಿಲು ತೆರೆದದ್ದು 2023ರ ಸೆಪ್ಟೆಂಬರಿನಲ್ಲಿ. ಯಾವ ಕೂಟಕ್ಕಾಗಿ ಕಟ್ಟಿದರೋ ಆ ಕೂಟ ಹಿಂದಿನ ತಿಂಗಳೇ ಒಡೆದಿತ್ತು. ಇವರು ಮಾಡಿದ ಅಪರಾಧವೇನು? ಊರು ಚಿಕ್ಕದು, ಟೆಲಿವಿಷನ್ನಿನ ವ್ಯಾಪಾರಕ್ಕೆ ದೊಡ್ಡ ಪೇಟೆಯಲ್ಲ. ಅಷ್ಟೇ.

ಈ ಮನೆ ಹಿಂದೆಯೂ ಒಮ್ಮೆ ಒಡೆದಿತ್ತೆಂಬುದು ಅನೇಕರಿಗೆ ಮರೆತಿದೆ. 1956ರಲ್ಲಿ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯದ ಮೂರು ಸಂಸ್ಥೆಗಳಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಹಂಚಿದ ಪ್ರಕರಣ ಹೊರಬಿತ್ತು. ದಂಡನೆಯ ಕಹಿಯಲ್ಲಿ ಪರಸ್ಪರ ನಂಬಿಕೆ ಸತ್ತು, 1959ರಲ್ಲಿ ಕೂಟ ವಿಸರ್ಜನೆಯಾಯಿತು. ದಂಡನೆಗೊಳಗಾದ ಆ ನಾಲ್ಕು ಮತ್ತು ಸ್ಟ್ಯಾನ್‌ಫರ್ಡ್ ಸೇರಿ ಹೊಸ ಕೂಟ ಕಟ್ಟಿಕೊಂಡವು. ಹೊರಗುಳಿದವು ವಾಷಿಂಗ್ಟನ್ ಸ್ಟೇಟ್, ಓರೆಗಾನಿನ ಎರಡು ಮತ್ತು ಐಡಾಹೊ. ಮೊದಲನೆಯದನ್ನು 1962ರಲ್ಲಿ, ಓರೆಗಾನಿನ ಎರಡನ್ನು 1964ರಲ್ಲಿ ಒಳಗೆ ಕರೆದರು. ಪುಲ್ಮನ್ನಿಗೆ ಹದಿಮೂರೇ ಕಿಲೋಮೀಟರು ದೂರದ ಐಡಾಹೊವನ್ನು ಮಾತ್ರ ಯಾರೂ ಕರೆಯಲಿಲ್ಲ. ಬಾಗಿಲ ಹೊರಗೆ ಐದು ವರ್ಷ ನಿಂತಿದ್ದ ಓರೆಗಾನ್ ವಿಶ್ವವಿದ್ಯಾನಿಲಯವೇ 2023ರಲ್ಲಿ, ತನ್ನೊಡನೆ ನಿಂತಿದ್ದ ನೆರೆಯವನನ್ನು ಹೊರಗೆ ಬಿಟ್ಟು ನಡೆಯಿತು. ಅನುಭವವು ಪಾಠವಾಗಬೇಕಾದರೆ ಅದನ್ನು ನೆನಪಿಟ್ಟುಕೊಳ್ಳುವ ಹಿರಿಯರು ಬೇಕು.

ಉಳಿದ ಇಬ್ಬರು ಅಳುತ್ತ ಕೂರಲಿಲ್ಲ. ಬಿಟ್ಟುಹೋಗುವವರಿಗೆ ಮನೆಯ ಆಡಳಿತದಲ್ಲಿ ಮತವಿಲ್ಲವೆಂಬ ಕೂಟದ ನಿಯಮವನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರು. 2023ರ ನವೆಂಬರಿನಲ್ಲಿ ಕೆಳಗಿನ ನ್ಯಾಯಾಲಯ ಇವರ ಪರವಾಗಿ ಆಜ್ಞೆಯಿತ್ತಿತು. ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಕ್ಲಿಯಾವ್ಕಾಫ್ ನಿರ್ಗಮಿಸಿ, ತೆರೆಸಾ ಗೂಲ್ಡ್ ಎಂಬ ಮಹಿಳೆ ಕಮಿಷನರಾದರು. ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್ ಮೊದಲಾದ ಸಂಸ್ಥೆಗಳನ್ನು ಕರೆದು, 2026ರ ಜುಲೈಯಿಂದ ಕೂಟವನ್ನು ಮತ್ತೆ ನಡೆಸುವ ಏರ್ಪಾಡು ಅದೇ ವರ್ಷ ಆರಂಭವಾಯಿತು. ದೊಡ್ಡವರಿಗೆ ಬೇಡವಾದ ಹೆಸರನ್ನು ಚಿಕ್ಕವರು ಉಳಿಸಿಕೊಂಡರು.

ಇಬ್ಬರು ಕಮಿಷನರರ ಮೇಲೆ ದೋಷ ಹೊರಿಸಿ ಈ ಕಥೆಯನ್ನು ಮುಗಿಸುವುದು ಸುಲಭ. ಅವರಲ್ಲಿ ದೋಷವಿಲ್ಲದಿಲ್ಲ. ಆದರೆ ನೇಮಕದ ಅಧಿಕಾರ, ಬೇಡವೆನ್ನುವ ಅಧಿಕಾರ, ಲೆಕ್ಕ ಕೇಳುವ ಅಧಿಕಾರ ಮೂರೂ ಇದ್ದವರು ಮೇಜಿನ ಸುತ್ತ ಕುಳಿತಿದ್ದರು. ತಮ್ಮ ತಮ್ಮ ವಿಶ್ವವಿದ್ಯಾನಿಲಯಕ್ಕೆ ಒಬ್ಬೊಬ್ಬರೂ ನಿಷ್ಠಾವಂತ ಸೇವಕರೇ. ಕೂಟಕ್ಕೆ ತಾನು ಹೊಣೆಯೆಂದುಕೊಂಡವರು ಆ ಮಂಡಲಿಯಲ್ಲಿ ಕಾಣಲಿಲ್ಲ. ನಮ್ಮ ಸಂಘಗಳು, ಸಹಕಾರ ಸಂಸ್ಥೆಗಳು, ಮನೆತನಗಳು ಒಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಪಾಲು ಎಷ್ಟೆಂದು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ; ಮನೆಯ ಮಾಡು ಸೋರುತ್ತಿದೆಯೇ ಎಂದು ಮೇಲೆ ಹತ್ತಿ ನೋಡುವ ಸರದಿ ಯಾರದೆಂದು ಮಾತ್ರ ಯಾರೂ ಗೊತ್ತುಮಾಡಿರುವುದಿಲ್ಲ.