ಬಂಧದ ಬಲವೂ ಬೋಧನೆಯ ಹೊಣೆಯೂ

ಕನ್ನಡ ಪಂಡಿತನು ರಸಾಯನಶಾಸ್ತ್ರದ ವಿಚಾರವಾಗಿ ಬರೆಯುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಆದರೆ ಶಾಸ್ತ್ರ ಯಾವುದೇ ಆಗಲಿ, ಅದು ವಿದ್ಯಾರ್ಥಿಯ ಬುದ್ಧಿಯನ್ನು ಪ್ರವೇಶಿಸುವುದು ಮಾತಿನ ಮೂಲಕವೇ. ಎರಡು ಪರಮಾಣುಗಳು ಎಲೆಕ್ಟ್ರಾನುಗಳ ಜೋಡಿಯನ್ನು ಹಂಚಿಕೊಂಡು ಕೂಡುವುದೇ ಸಹವೇಲೆನ್ಸೀಯ ಬಂಧ; 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಅವರು ಈ ತತ್ತ್ವವನ್ನು ಪ್ರತಿಪಾದಿಸಿದರು. ಹಂಚಿಕೆಯೆಂದೊಡನೆ, ದಾಸೋಹದ ಪಂಕ್ತಿಯನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಅರ್ಥ ಹೊಳೆಯುತ್ತದೆ. ಆದರೆ ಉಪಮೆಯು ಹೊಸ್ತಿಲು ಮಾತ್ರ. ಅಲ್ಲಿಯೇ ನಿಂತವರಿಗೆ ಒಳಮನೆ ಕಾಣದು.

ಒಂದು ಬಂಧ ಬಲವಾದುದು, ಮತ್ತೊಂದು ದುರ್ಬಲವೇಕೆ? ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಎರಡೂ ನ್ಯೂಕ್ಲಿಯಸ್ಸುಗಳು ಸೆಳೆಯುವುದರಿಂದ ಬಂಧ ನಿಲ್ಲುತ್ತದೆ. ಪರಮಾಣುಗಳು ಚಿಕ್ಕವಾಗಿ ಸಮೀಪಿಸಿದಷ್ಟೂ ಸಾಮಾನ್ಯವಾಗಿ ಸೆಳೆತ ಹೆಚ್ಚು. ಹಂಚಿಕೊಂಡ ಜೋಡಿಗಳು ಹೆಚ್ಚಿದಂತೆಯೂ ಬಲ ಹೆಚ್ಚುತ್ತದೆ. ಇಂಗಾಲದ ಪರಮಾಣುಗಳ ಏಕಬಂಧವನ್ನು ಮುರಿಯಲು ಮೋಲೊಂದಕ್ಕೆ ಸುಮಾರು 347 ಕಿಲೋಜೂಲ್ ಶಕ್ತಿ ಬೇಕು. ದ್ವಿಬಂಧಕ್ಕೆ 614, ತ್ರಿಬಂಧಕ್ಕೆ 839. ದ್ವಿಬಂಧವು ಏಕಬಂಧದ ಇಮ್ಮಡಿಯಾಗದಿರುವುದನ್ನು ಗಮನಿಸಬೇಕು. ಎರಡನೆಯ ಜೋಡಿ ಪಾರ್ಶ್ವದಿಂದ ಬೆಸೆಯುವುದರಿಂದ ಅದು ಮೊದಲನೆಯದರಷ್ಟು ಗಟ್ಟಿಯಲ್ಲ.

ಸಾಮೀಪ್ಯವೇ ಬಲವೆಂದು ಬಾಯಿಪಾಠ ಮಾಡಿದವನು ಫ್ಲೋರಿನ್ನಿನಲ್ಲಿ ಎಡವುತ್ತಾನೆ. ಅದರ ಪರಮಾಣುಗಳು ಕ್ಲೋರಿನ್ನಿನವಕ್ಕಿಂತ ಚಿಕ್ಕವು, ಹೆಚ್ಚು ಸಮೀಪವಿರುವವು. ಆದರೂ ಫ್ಲೋರಿನ್ ಅಣುವಿನ ಬಂಧಶಕ್ತಿ ಸುಮಾರು 159, ಕ್ಲೋರಿನ್ನಿನದು 243. ಹಂಚಿಕೆಗೆ ಸೇರದ ಎಲೆಕ್ಟ್ರಾನು ಜೋಡಿಗಳು ಅತಿಸಾಮೀಪ್ಯದಲ್ಲಿ ಒಂದನ್ನೊಂದು ತಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಅದೇ ಫ್ಲೋರಿನ್ ಜಲಜನಕದೊಡನೆ ಕೂಡಿದಾಗ ಬಂಧಶಕ್ತಿ ಸುಮಾರು 567ಕ್ಕೆ ಏರುತ್ತದೆ. ಜಲಜನಕದಲ್ಲಿ ಹಾಗೆ ತಳ್ಳುವ ಜೋಡಿಗಳಿಲ್ಲ. ಎಲೆಕ್ಟ್ರಾನುಗಳನ್ನು ಸೆಳೆಯುವುದರಲ್ಲಿ ಎರಡು ಧಾತುಗಳಿಗಿರುವ ತಾರತಮ್ಯವೂ ಬಂಧವನ್ನು ಬಿಗಿಗೊಳಿಸುತ್ತದೆ. ವ್ಯಾಕರಣದಲ್ಲಿ ಉತ್ಸರ್ಗವನ್ನು ಹೇಳಿದವರು ಅಪವಾದವನ್ನೂ ಹೇಳುವರು. ಅಪವಾದವನ್ನು ಬಲ್ಲವನಿಗೇ ಸೂತ್ರದ ಮರ್ಮ ತಿಳಿಯುತ್ತದೆ. ವಿಜ್ಞಾನದಲ್ಲಿಯೂ ಅಷ್ಟೇ.

ಇದು ಬರಿಯ ಅಂಕಿಗಳ ಮಾತಲ್ಲ. ಸಾರಜನಕ ಅಣುವಿನ ತ್ರಿಬಂಧಕ್ಕೆ ಸುಮಾರು 945 ಕಿಲೋಜೂಲ್ ಬೇಕು. ಆದುದರಿಂದಲೇ ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಪೈರು ಅದನ್ನು ನೇರವಾಗಿ ಉಣಲಾರದು. ತೊಗರಿ, ಕಡಲೆಗಳ ಬೇರುಗಂಟಿನ ಬ್ಯಾಕ್ಟೀರಿಯಗಳು ಆ ಬಂಧವನ್ನು ಬಿಡಿಸಿ ಅಮೋನಿಯವನ್ನಾಗಿಸುತ್ತವೆ. ಒಕ್ಕಲುಮಕ್ಕಳು ಹೊಲದಲ್ಲಿ ಕಂಡುದರ ಕಾರಣವನ್ನು ತರಗತಿಯಲ್ಲಿ ತಿಳಿಯಬೇಡವೇ?

ಉಪಾಧ್ಯಾಯ ಮಿತ್ರರು 'ಎಷ್ಟು' ಎಂಬ ಪ್ರಶ್ನೆಯೊಂದಿಗೆ 'ಏಕೆ' ಎಂಬುದನ್ನೂ ಕೇಳಲಿ. ಉತ್ತರವನ್ನು ಮಕ್ಕಳು ತಮ್ಮ ಮಾತಿನಲ್ಲಿಯೇ ಹೇಳಲಿ. ದಾನಿಗಳು ಕಟ್ಟಡಕ್ಕೆ ತೋರುವ ಔದಾರ್ಯವನ್ನು ಪ್ರಯೋಗಶಾಲೆಗೂ ಕನ್ನಡದ ವಿಜ್ಞಾನಗ್ರಂಥಗಳಿಗೂ ತೋರಲಿ. ಕಾರಣವನ್ನು ಅರಿತು ಕಲಿತ ವಿದ್ಯೆಯು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ.